ಐದು ಚೀಟಿ, ಒಂದೇ ಬಾಯಿ

ಜುಲೈ 8, ಮಂಗಳವಾರ

ಫೆರಿಯಲ್ಲಿ ಇವತ್ತೂ ಸೀಟಿಲ್ಲ. ನಿಂತೇ ವಿಲ್ಲಿಂಗ್ಡನ್ ಐಲ್ಯಾಂಡಿನ ನಮ್ಮ ಕಂಪನಿಗೆ ಬಂದೆ. ಹೊಸಬರಿಗೆ ಟ್ರೈನಿಂಗ್ — ಕ್ವಾಲಿಟಿ ಹೆಡ್ ಆದಮೇಲೆ ವರ್ಷಕ್ಕೆರಡು ಸಲ ಇದು ಇದ್ದದ್ದೇ. ಕೋಲ್ಡ್ ಸ್ಟೋರೇಜಿನಲ್ಲಿ ಏನೇ ಕೆಟ್ಟರೂ ಮೊದಲು ಪ್ರತಿಯೊಬ್ಬರೂ ತಮಗೆ ತೋಚಿದ ಕಾರಣವನ್ನು ಚೀಟಿಯಲ್ಲಿ ಬರೆಯಬೇಕು. ಮಾತು ಆಮೇಲೆ. ದೊಡ್ಡವರು ಎಲ್ಲರಿಗಿಂತ ಕೊನೆಗೆ. ಇದು ನಾನೇ ತಂದ ಪದ್ಧತಿ. ಒಬ್ಬರು ಅಂದದ್ದಕ್ಕೆ ಉಳಿದವರು ಕೋಲೆ ಬಸವನ ಹಾಗೆ ತಲೆಯಾಡಿಸುವುದು ತಪ್ಪಲಿ ಅಂತ. ಚಪ್ಪಾಳೆ ಬಿತ್ತು.

ಜುಲೈ 9, ಸಂಜೆ

ಮೂರನೇ ಕೋಣೆ ಮೈನಸ್ ಹದಿನೆಂಟು ಡಿಗ್ರಿ ಇರಬೇಕಾದದ್ದು, ಮಧ್ಯಾಹ್ನ ನೋಡಿದರೆ ಮೈನಸ್ ಆರು. ಎಕ್ಸ್‌ಪೋರ್ಟಿಗಿದ್ದ ಸೀಗಡಿ ಅಷ್ಟೂ ಹಾಳು. ಬೆಳಗಿನ ಪಾಳಿ ವಿನ್ಸೆಂಟ್‌ನದು. ಮೆಷಿನ್ ಆಪರೇಟರ್, ನಮ್ಮ ಮೂಡಬಿದಿರೆ ಕಡೆಯವನು. ಕಟ್ಟಿದ ಹಿಮ ಕರಗಿಸಲು ಮೆಷಿನ್ ನಿಲ್ಲಿಸಿ, ಮತ್ತೆ ಬಟನ್ ಒತ್ತಿ ಶುರು ಮಾಡುವುದನ್ನು ಹೋದ ವರ್ಷ ಒಮ್ಮೆ ಮರೆತಿದ್ದ.

ತಿರುವನಂತಪುರದ ಹೆಡ್ ಆಫೀಸಿನಿಂದ ಜಿ.ಎಂ. ರಾಜೀವ್ ಸಾರ್ ಮೂರು ಸಲ ಫೋನ್ ಮಾಡಿದರು. ಇವತ್ತೇ ಕಾರಣ ಬೇಕಂತೆ. ಐದು ಜನ ಸ್ಟಾಫ್ ಕೂತಿದ್ದ ಮೀಟಿಂಗ್ ರೂಮಿಗೆ ಕಾಲಿಡುತ್ತಲೇ ನನ್ನ ಬಾಯಿಂದ ಬಂದೇಬಿಟ್ಟಿತು — ವಿನ್ಸೆಂಟ್ ಮತ್ತೆ ಬಟನ್ ಮರೆತನಾ ಅಂತ. ಆಮೇಲೆ ಚೀಟಿ ಹಂಚಿದೆ. ಐದು ಚೀಟಿ. ಐದರಲ್ಲೂ ವಿನ್ಸೆಂಟ್.

ಅವನು ಹೊರಗೆ ಕಾಯುತ್ತಿದ್ದ. ಕನ್ನಡದಲ್ಲೇ ಹೇಳಿದ: "ಒತ್ತಿದ್ದೇನೆ ಮೇಡಂ. ನಂಗೆ ಸರಿ ನೆನಪುಂಟು."

ಐದು ಜನ ಒಂದೇ ಹೇಳುವಾಗ ಒಬ್ಬನ ನೆನಪಿಗೆ ಏನು ಬೆಲೆ? ರಿಪೋರ್ಟ್ ಕಳಿಸಿದೆ. ಸಸ್ಪೆನ್ಷನ್.

ಜುಲೈ 10

ಯಾಕೋ ಸ್ವಲ್ಪ ಕಸಿವಿಸಿ. ಇಲ್ಲ… ಪದ್ಧತಿ ಪ್ರಕಾರವೇ ಮಾಡಿದ್ದೇನೆ.

ಜುಲೈ 21, ಸೋಮವಾರ

ಮೂರನೇ ಕೋಣೆ ಮತ್ತೆ ಕೈಕೊಟ್ಟಿತು. ಇವತ್ತು ಪಾಳಿಯಲ್ಲಿದ್ದದ್ದು ಮೋಹನ. ವಿನ್ಸೆಂಟ್ ಆಲುವದ ಮನೆಯಲ್ಲಿ ಕೂತಿದ್ದಾನೆ. ಮೋಹನ ಬಟನ್ ಒತ್ತುವಾಗ ನಾನೇ ಪಕ್ಕದಲ್ಲಿದ್ದೆ. ಮೆಷಿನ್ ಹತ್ತು ನಿಮಿಷ ಓಡಿತು, ತಾನಾಗಿ ನಿಂತಿತು. ಮೆಷಿನ್ನಿಗೆ ಕರೆಂಟ್ ಹಿಡಿದಿಡುವ ಒಳಗಿನ ಸ್ವಿಚ್ಚು, ರಿಲೇ, ಅದನ್ನು ಎಲೆಕ್ಟ್ರಿಷಿಯನ್ ಬಿಚ್ಚಿ ತೋರಿಸಿದ. ಸುಟ್ಟು ಕರಿಯಾಗಿತ್ತು. ತಿಂಗಳಿಂದಲೇ ಹೀಗೆ ನಡುನಡುವೆ ಕೈಕೊಡುತ್ತಿರಬೇಕು ಅಂದ.

ಐದೂ ಚೀಟಿ ಮತ್ತೆ ತೆಗೆದು ನೋಡಿದೆ.

ಜುಲೈ 22

ಲ್ಯಾಬಿನ ರಾಜೀವಿಯನ್ನು ಕರೆದು ಕೇಳಿದೆ. ಕಾಸರಗೋಡಿನವಳು, ಅವತ್ತಿನ ಐವರಲ್ಲಿ ಒಬ್ಬಳು. ನೆಲ ನೋಡುತ್ತಲೇ ಹೇಳಿದಳು:

"ಆ ಮೆಷಿನ್ ನಡುನಡುವೆ ನಿಲ್ಲುವುದು ನಂಗೆ ಕೇಳ್ತಿತ್ತು ಮೇಡಂ. ಮೆಷಿನ್ನೇ ಹಾಳು ಅಂತ ಬರೀಬೇಕು ಅಂತಿದ್ದೆ. ನೀವು ವಿನ್ಸೆಂಟ್ ಅಂದ್ರಲ್ಲ… ನಿಮಗಿಂತ ಹೆಚ್ಚು ನಂಗೆ ಗೊತ್ತುಂಟಾ?"

ಐದು ಸಾಕ್ಷಿ ಅಂದುಕೊಂಡಿದ್ದೆ. ಐದೂ ನನ್ನದೇ ಮಾತು, ಬೇರೆ ಬೇರೆ ಕೈಬರಹದಲ್ಲಿ. ಪುರಾಣ ಹೇಳಲಿಕ್ಕೆ, ಬದನೆಕಾಯಿ ತಿನ್ನಲಿಕ್ಕೆ. ನಾಚಿಕೆಯಾಗುತ್ತದೆ. ವಿನ್ಸೆಂಟ್ ನೆನಪುಂಟು ಅಂದಾಗ ಎದ್ದು ಹೋಗಿ ಮೆಷಿನ್ ಒಂದು ಸಲ ಓಡಿಸಿ ನೋಡಿದ್ದರೆ ಸಾಕಿತ್ತು. ಹತ್ತು ನಿಮಿಷದ ಕೆಲಸ.

ಜುಲೈ 25, ತಿರುವನಂತಪುರ

ಬೆಳಗಿನ ಟ್ರೈನಿಗೆ ಬಂದೆ. ರಾಜೀವ್ ಸಾರ್‌ಗೆ ಫೈಲ್ ಮತ್ತೆ ತೆರೆಯಲು ಮನಸ್ಸಿಲ್ಲ. "ಕುಸುಮಾವತಿ, ಐವರೂ ಬರೆದುಕೊಟ್ಟಿದ್ದಾರಲ್ಲ" ಅಂದರು ನನಗೆ. ಬರೆಸಿದವಳು ನಾನು ಅಂದೆ. ಪತ್ರ ಬರೆದೇ ಒಯ್ದಿದ್ದೆ — ತಪ್ಪು ನನ್ನದು, ಆಪರೇಟರ್‌ನದಲ್ಲ. ಎರಡು ಸಲ ಓದಿದರು. ನನ್ನ ಮೇಲೆ ಎನ್‌ಕ್ವಯರಿ ಆಗಬಹುದು ಅಂದರು. ಆಗಲಿ. ವಿನ್ಸೆಂಟ್‌ನನ್ನು ವಾಪಸ್ ಕರೆಸಲು ಸಹಿ ಹಾಕಿದರು.

ವಾಪಸ್ ಬರುವಾಗ ಕೊಲ್ಲಂ ದಾಟುವವರೆಗೆ ನಿದ್ದೆ. ಎಷ್ಟೋ ದಿನದ ಮೇಲೆ.

ಜುಲೈ 27, ಭಾನುವಾರ

ಮೆಟ್ರೋದಲ್ಲಿ ಆಲುವಕ್ಕೆ ಹೋಗಿದ್ದೆ. ಆರ್ಡರ್ ನಾನೇ ಕೈಯಾರೆ ಕೊಡಬೇಕು ಅಂತ. ವಿನ್ಸೆಂಟ್‌ನ ಹೆಂಡತಿ ನಿರ್ಮಲ ಚಹಾ ತಂದಿಟ್ಟು ಒಳಗೆ ಹೋದಳು. ನಾನು ಎಲ್ಲ ಹೇಳಿದೆ. ಕ್ಷಮಿಸು ಅಂದೆ. ಫೋನಿನಲ್ಲಿ ರಿಲೇ ಫೋಟೋ ತೋರಿಸಿದೆ. ಖುಷಿಯಾಗುತ್ತಾನೆ ಅಂದುಕೊಂಡಿದ್ದೆ.

ಕೆಲಸಕ್ಕೆ ಬರುವುದಿಲ್ಲವಂತೆ.

"ಒತ್ತಿದ್ದೇನೆ ಅಂತಲೇ ಇದ್ದೆ ಮೇಡಂ. ಮತ್ತೆ ಅಷ್ಟು ಜನ ಇಲ್ಲ ಅಂದ್ರಲ್ಲ, ನಾನೇ ಮರೆತಿರಬೇಕು ಅಂತ ಆಯ್ತು. ಈಗ ಗ್ಯಾಸ್ ಆಫ್ ಮಾಡಿದ್ದನ್ನೂ ಮೂರು ಸಲ ಹೋಗಿ ನೋಡ್ತೇನೆ. ನನ್ನ ಕೈ ಮೇಲೆ ನಂಗೇ ನಂಬಿಕೆ ಇಲ್ಲ."

ಆರ್ಡರ್ ಮೇಜಿನ ಮೇಲಿಟ್ಟೆ. ನಾನು ಏಳುವಾಗ ಅವನು ಕೇಳಿದ, ಚಿಕ್ಕ ಧ್ವನಿಯಲ್ಲಿ:

"ಮೇಡಂ, ಅವತ್ತು ನಾನು ನಿಜವಾಗಿ ಒತ್ತಿದ್ದೆನಾ?"

ಒತ್ತಿದ್ದೆ, ಖಂಡಿತ ಒತ್ತಿದ್ದೆ ಅಂದೆ. ಕೂಡಲೇ ಅಂದೆ. ಅವನ ಮುಖ ಅರಳಿತು, ನಾಳೆ ಬರುತ್ತೇನೆ ಅಂದ. ನಾನಾದರೋ ಅವತ್ತು ಆ ಕೋಣೆಯ ಹತ್ತಿರವೂ ಇರಲಿಲ್ಲ. ನೋಡಿದವರು ಯಾರೂ ಇಲ್ಲ. ರಿಲೇ ಸುಟ್ಟಿತ್ತು, ಅದು ಹೌದು. ಆದರೆ ಅವನು ಒತ್ತಿದ್ದನೋ ಇಲ್ಲವೋ ನನಗೆ ಗೊತ್ತಿಲ್ಲ.