ಧಾಟಿ: ನಮಿತಾಳ ಕ್ಯಾಸೆಟ್ಟು

ಸಿದ್ದಾಪುರ
೨೨-೧೦-೧೯೯೯

ನಮಿತಾ,

ಆರು ವರ್ಷದ ಮೇಲೆ ಬರೆಯುತ್ತಿದ್ದೇನೆ. ಆಶೀರ್ವಾದ ಎಂದು ಬರೆಯುವ ಹಕ್ಕು ನನಗೆ ಉಳಿದಿದೆಯೋ ಇಲ್ಲವೋ, ಅದಕ್ಕೇ ಬರೀ ಹೆಸರು ಹಾಕಿದ್ದೇನೆ. ಓದುವ ಮೊದಲೇ ಹರಿದುಹಾಕಬೇಡ.

ಇನಾಸ ಕೊಟ್ಟಿದ್ದ ಇಂಗ್ಲಿಷ್ ಹಾಡಿನ ಕ್ಯಾಸೆಟ್ಟನ್ನು ನೀನು ಇಲ್ಲೇ ಬಿಟ್ಟಿದ್ದೆಯಲ್ಲ. ನೀನು ಅವನನ್ನು ಮದುವೆಯಾಗಿ ಯಲ್ಲಾಪುರಕ್ಕೆ ಹೋದ ದಿನ ಅದನ್ನು ಬಚ್ಚಲ ಒಲೆಗೆ ಹಾಕಲು ಹೊರಟಿದ್ದೆ. ಈ ಪ್ರೇಮಗೀತೆಯಿಂದಲೇ ಆ ಕಿರಿಸ್ತಾನರ ಹುಡುಗ ನನ್ನ ಮಗಳ ತಲೆ ಕೆಡಿಸಿದ ಎಂದು ಸಿಟ್ಟು. ಆದರೆ ಹಾಕಲಾಗಲಿಲ್ಲ. ಅದರ ಮೊದಲ ಹಾಡನ್ನು ನೀನು ಪಾತ್ರೆ ತೊಳೆಯುವಾಗೆಲ್ಲ ಗುನುಗುತ್ತಿದ್ದೆ. ಮನೆಯಲ್ಲಿ ಯಾರೂ ಇಲ್ಲದಾಗ ನಾನೂ ಹಾಕಿ ಕೇಳುತ್ತಿದ್ದೆ. ಒಂದಕ್ಷರವೂ ಅರ್ಥವಾಗುತ್ತಿರಲಿಲ್ಲ.

ನಮ್ಮ ಭಜನಾ ಮಂಡಳಿಯ ಪದ್ಧತಿ ನಿನಗೆ ಗೊತ್ತು. ಚೆಂದದ ಧಾಟಿ ಎಲ್ಲಿ ಸಿಕ್ಕರೂ ಬಿಡುವವರಲ್ಲ. ರೇಡಿಯೋ ಜಾಹೀರಾತಿನ ಧಾಟಿಗೂ ದೇವರ ಹೆಸರು ಕೂರಿಸುತ್ತೇವೆ. ಈ ಸಲ ನವರಾತ್ರಿಯಲ್ಲಿ ಶಿರಸಿಯ ಸ್ಪರ್ಧೆಗೆ ನಿನ್ನ ಹಾಡಿನ ಧಾಟಿಗೇ ಕೃಷ್ಣನ ಭಜನೆ ಕಟ್ಟಿದೆ. ಹಾಡಿನ ಪಟ್ಟಿಯಲ್ಲಿ ಮೇಲುಗಡೆ ‘ಧಾಟಿ: ನಮಿತಾಳ ಕ್ಯಾಸೆಟ್ಟು’ ಎಂದು ಬರೆದೆ. ಆರು ವರ್ಷದಲ್ಲಿ ನಿನ್ನ ಹೆಸರು ಬರೆದದ್ದು ಅದೊಂದೇ ಸಲ. ಮೊದಲ ಬಹುಮಾನ ಬಂತು.

ವೇದಿಕೆ ಇಳಿದಾಗ ನಮ್ಮೂರಿನ ನರ್ಸ್ ಕತ್ರೀನ್ ಬಾಯಿ ಓಡಿ ಬಂದು ಕೈ ಹಿಡಿದುಕೊಂಡಳು. ಕಣ್ಣಲ್ಲಿ ನೀರು. “ದೇವಕಮ್ಮಾ, ಇದು ನಮ್ಮ ಯೇಸುವಿನ ಹಾಡು. ನಿಮಗೆ ಹ್ಯಾಂಗೆ ಸಿಕ್ತು?” ಎಂದಳು. ಇದು ಪ್ರೇಮಗೀತೆಯಲ್ಲವೇ ಎಂದೆ. ಕೇಳುವವರೆಲ್ಲ ಹಾಗೇ ತಿಳಿಯುತ್ತಾರಂತೆ, ಹಾಡಿನಲ್ಲಿ ಯೇಸುವಿನ ಹೆಸರೇ ಬರುವುದಿಲ್ಲವಂತೆ. ಅದರಲ್ಲಿ ಮಾತಾಡುವವನು ಪೇತ್ರನೆಂಬ ಶಿಷ್ಯ. ಗುರುವನ್ನು ಹಿಡಿದೊಯ್ದಾಗ ಹೆದರಿ, ಅವನ್ಯಾರೋ ನನಗೆ ಗೊತ್ತಿಲ್ಲ ಎಂದು ಮೂರು ಸಲ ಅಂದವನು. ಸತ್ತು ಎದ್ದು ಬಂದ ಗುರು ಅವನಿಗೆ ಒಂದು ಮಾತೂ ಬೈಯಲಿಲ್ಲ. ನೀರ ದಂಡೆಯಲ್ಲಿ ಕೆಂಡ ಮಾಡಿ, ಮೀನು ಸುಟ್ಟು, ಬನ್ನಿ ಊಟ ಮಾಡಿ ಎಂದು ಕರೆದನಂತೆ.

ಮೂರು ಸಲ ಎಂದದ್ದೇ ನಾನು ನನ್ನದನ್ನು ಎಣಿಸಿದೆ. ರೇಶನ್ ಕಾರ್ಡಿನವರು ಕೇಳಿದಾಗ ಮಗಳಿಲ್ಲ ಎಂದಿದ್ದೆ. ತವರಿನ ಮದುವೆಯಲ್ಲಿ ಕೇಳಿದವರಿಗೂ ಅದೇ ಉತ್ತರ. ಮೂರನೆಯದು ನಿನಗೂ ಗೊತ್ತು. ಶಿರಸಿ ಪೇಟೆಯಲ್ಲಿ ತುಂಬು ಬಸುರಿ ನೀನು, ಆಯಿ ಎಂದು ಕರೆದೆ. ಜೊತೆಗಿದ್ದವರು ಯಾರದು ಎಂದರು. “ಯಾರೋ ಏನೋ, ಯಂಗೆ ಗೊತ್ತಿಲ್ಲೆ” ಎಂದು ನಡೆದುಬಿಟ್ಟೆ. ನಿನಗೆ ಕೇಳಿಸಿತು. ಕೇಳಿಸಲಿ ಎಂದೇ ಅಂದಿದ್ದೆ. ಆ ಮಗುವಿನ ಹೆಸರೂ ನನಗೆ ಗೊತ್ತಿಲ್ಲ.

ನನ್ನ ಕೃಷ್ಣ ನನಗಿದ್ದಾನೆ, ಅವನನ್ನು ಬಿಡುವವಳಲ್ಲ. ಆದರೆ ನಾನು ಸುಡಲು ಹೊರಟ ಹಾಡು ನನ್ನದೇ ಕಥೆಯಾಗಿತ್ತು ಎಂಬುದನ್ನು ನುಂಗಲಾಗುತ್ತಿಲ್ಲ. ತಪ್ಪಾಯಿತು ಮಗಳೇ. ನಿನ್ನನ್ನು ಕರೆಯುವ ಮುಖ ನನಗಿಲ್ಲ. ಕರೆಯುವುದಾದರೆ ನೀನೇ ಕರೆಯಬೇಕು.

ನಿನ್ನ ಆಯಿ,
ದೇವಕಿ

ತಾ.ಕ.: ಅಂಚೆಗೆ ಹಾಕಿ ಉತ್ತರ ಕಾಯುವ ಧೈರ್ಯ ಬರಲಿಲ್ಲ, ಇವತ್ತು ಮೊದಲ ಬಸ್ಸಿಗೇ ಹೊರಟು ಬಂದೆ. ಈ ಪತ್ರ ತಂದುಕೊಟ್ಟವಳೇ ಕತ್ರೀನ್ ಬಾಯಿ. ನಾನು ಯಲ್ಲಾಪುರದ ಬಸ್‌ಸ್ಟ್ಯಾಂಡಿನಲ್ಲಿ ಕೂತಿದ್ದೇನೆ. ಬೆಳಗಿನಿಂದ ಏನೂ ತಿಂದಿಲ್ಲ. ಮೀನು ಮಾತ್ರ ಬೇಡ. ಅನ್ನ ಮಜ್ಜಿಗೆ ಸಾಕು.