ಹುಳುಕು ಹಲ್ಲಿನ ಮುಖ

ನವೆಂಬರ್ 12, ಮಂಗಳವಾರ

ಹಲ್ಲು ಇನ್ನೂ ಸಿಡಿಯುತ್ತಿದೆ, ಮನಸ್ಸು ಮಾತ್ರ ಹಗುರ.

ಸ್ಕ್ಯಾನಿಂಗ್ ಕೋಣೆಯಲ್ಲಿ ಮಲಗಿದವರು ಪರದೆ ನೋಡುವುದಿಲ್ಲ, ನನ್ನ ಮುಖ ನೋಡುತ್ತಾರೆ. ಹುಬ್ಬೇರಿಸಿದರೆ ಅವರ ಉಸಿರು ನಿಲ್ಲುತ್ತದೆ. ನಕ್ಕರೆ ಏನೋ ಮುಚ್ಚಿಡುತ್ತಿದ್ದೇನೆ ಅಂದುಕೊಳ್ಳುತ್ತಾರೆ. ಅದಕ್ಕೇ ಮುಖಕ್ಕೆ ಇಸ್ತ್ರಿ ಹಾಕಿಕೊಂಡು ಕೂರುತ್ತೇನೆ. ಮನೆಯಲ್ಲೂ ಅದೇ ಮುಖ ಎಂದು ಇವರು ರೇಗಿಸುತ್ತಾರೆ, ಇರಲಿ.

ಇವತ್ತು ಎಡವಟ್ಟಾಯಿತು. ಕತ್ತಿನಲ್ಲಿ ಗಂಟು ಎಂದು ಬಂದಿದ್ದ ಟೈಲರಮ್ಮನನ್ನು ಸ್ಕ್ಯಾನ್ ಮಾಡುವಾಗ ದವಡೆ ಹಲ್ಲು ಛಳಕ್ಕೆಂದಿತು. ಮುಖ ಕಿವುಚಿಬಿಟ್ಟೆ. ಆಕೆ ನನ್ನ ಕೈ ಹಿಡಿದೇಬಿಟ್ಟಳು.

"ಏನ್ ಕಾಣಿಸ್ತು? ಮಗಳಿಗೆ ಇನ್ನೂ ಹೇಳೇ ಇಲ್ಲ ಕಣಮ್ಮ."

ಕತ್ತರಿ ಹಿಡಿದು ಗಟ್ಟಿಯಾದ ಬೆರಳುಗಳು. ಆ ಹಿಡಿತ ಇನ್ನೂ ಮಣಿಕಟ್ಟಿನಲ್ಲಿದೆ.

ಏನಿದೆ, ಏನಿಲ್ಲ ಎಂದು ಹೇಳಬೇಕಾದವರು ಡಾಕ್ಟರು, ನಾನಲ್ಲ. ಬೇರೆ ದಾರಿ ಕಾಣದೆ ಬಾಯಿ ಅಗಲಿಸಿ ಹುಳುಕು ಹಲ್ಲು ತೋರಿಸಿದೆ. ಆಕೆ ಮಲಗಿದಲ್ಲಿಂದಲೇ ಕತ್ತೆತ್ತಿ ಒಳಗೆ ಇಣುಕಿದಳು.

"ಅಯ್ಯೋ, ಗವಿ ಆಗೋಗಿದೆ! ಇದನ್ನಿಟ್ಕೊಂಡು ಕೆಲಸಕ್ಕೆ ಬಂದಿದ್ದೀಯಾ?"

ಬೈದಳು. ನನಗೆ ನಗು ತಡೆಯಲಾಗಲಿಲ್ಲ, ಆಕೆಗೂ.

ಸಂಜೆ ಡಾಕ್ಟರನ್ನು ಕಂಡು ಮತ್ತೆ ನನ್ನ ಬಾಗಿಲಿಗೆ ಬಂದಳು. ಕೆನ್ನೆ ಹಿಡಿದು, ನನ್ನಂತೆಯೇ ಮುಖ ಕಿವುಚಿ ತೋರಿಸಿದಳು. ಕೂತಲ್ಲಿಂದ ಎದ್ದೇಬಿಟ್ಟೆ. ಮರುಕ್ಷಣ ಅದೇ ಮುಖ ಅರಳಿತು.

"ಬರೀ ನೀರಿನ ಗಂಟಂತೆ! ಹೆಂಗಿತ್ತು, ಹೆದರಿದ್ಯಾ?"

ಹೆದರಿದ್ದೆ. ನಾಳೆ ನಾನೇ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಮಲಗಬೇಕು. ಅವರು ಮಾಸ್ಕ್ ಹಾಕಿರುತ್ತಾರೆ. ಕಣ್ಣಾದರೂ ಕಾಣುತ್ತದಲ್ಲ, ಅದನ್ನೇ ನೋಡುತ್ತಾ ಮಲಗಿರುತ್ತೇನೆ.