ಮಲ್ಲವ್ವನ ಕೊಡ

ವಾಣಿಶ್ರೀ,

ಅಡಗಿಮನಿ ಕಟ್ಟಿ ಮ್ಯಾಲಿನ ತಾಮ್ರದ ಕೊಡ ಬಾಜೂಮನಿ ಮಲ್ಲವ್ವಂದು. ಅದರಾಗಿನ ನೀರು ಮುಟ್ಟಬ್ಯಾಡ. ಕೂಸಿಗೆ ನಮ್ಮ ಡ್ರಮ್ಮಿನ ನೀರ ಕಾಸು.

ನೀ ಲಕ್ಷ್ಮೇಶ್ವರಕ್ಕ ಹೋದಾಗಿಂದ ನಳದಾಗ ನೀರು ಬಂದಿಲ್ಲ, ಇವತ್ತಿಗೆ ಹದಿನೆಂಟು ದಿನ ಆತು. ನಿನ್ನೆ ಮಲ್ಲವ್ವ ಒಂದು ಕೊಡ ನೀರು ಕೇಳಾಕ ಬಂದಿದ್ದಳು. ನಾನು ಹಳೇ ಮಗ್ಗದ ಕುಣಿ ಮುಚ್ಚಿದ ಹಲಗಿ ಮ್ಯಾಲೇ ಕುಂತಿದ್ದೆ. ಕೆಳಗ ಆ ತಗ್ಗಿನಾಗ, ಅಡಚಣಿಗೆ ಇರಲಿ ಅಂತ ನಾವು ತುಂಬಿಟ್ಟ ಮೂರು ಡ್ರಮ್ಮಿನಾಗ ಎರಡು ಇನ್ನೂ ತುಂಬಿದ್ದವು, ಕಡಕ ರೊಟ್ಟಿ ಡಬ್ಬಿನೂ ಇತ್ತು. "ನಮ್ಮಲ್ಲೂ ಹನಿ ನೀರಿಲ್ಲ ಬೇ" ಅಂದುಬಿಟ್ಟೆ.

ಇವತ್ತ ಮುಂಜಾನಿ ಆಕಿ ದೂರದ ಬಾವಿಯಿಂದ ಎರಡು ಕೊಡ ಹೊತ್ತು ತಂದು, ಒಂದು ನಮ್ಮ ಬಾಗಲದಾಗ ಇಳಿಸಿದಳು. "ವಾಣಿ ಕೂಸಿನ ಕರಕೊಂಡು ಬರ್ತಾಳ, ಇಟ್ಕೋ ತಮ್ಮಾ" ಅಂದಳು. ನಾ ಇಸ್ಕೊಂಡು ಒಳಗ ಕಟ್ಟಿ ಮ್ಯಾಲಿಟ್ಟೆ.

ಡ್ರಮ್ಮಿನಿಂದ ಎರಡು ಕೊಡ ತುಂಬಿಡು. ಅರ್ಧ ಡಬ್ಬಿ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಡು. ಆದ್ರ ನೀ ಒಯ್ದು ಕೊಡಬ್ಯಾಡ. ನೀ ಕೊಟ್ರ ನಾ ತಪ್ಪಿಸ್ಕೋತೀನಿ. ಸಂಜೀಕ ಮನಿಗೆ ಬಂದು ನಾನ ಹೊತ್ಕೊಂಡು ಹೋಗಿ ಖರೆ ಹೇಳ್ತೀನಿ.

ಏನರ ನೆಪ ಹೇಳಿ ಜಾರಿಕೊಂಡೆ ಅಂದ್ರ, ಆಕಿ ಕೊಡ ತಂದು ನನ್ನ ಉಣ್ಣೋ ತಾಟಿನ ಮುಂದ ಇಡು.

ಪ್ರಲ್ಹಾದ